ಪರ್ಸೋಂ ಅಂದರೆ ಯಾವತ್ತು?

ತಂಗಿಯ ಮಗಳು ಶ್ವೇತಾ ಹೈದರಾಬಾದಿನ ಮಿಯಾಪುರದ ಆಚೆಯ ಒಂದು ದೊಡ್ಡ ಕಂಪನಿಯಲ್ಲಿ ಹೆಲ್ಪ್‌ಡೆಸ್ಕ್ ಕೆಲಸಕ್ಕೆ ಸೇರಿದ್ದಾಳೆ. ಸೇರುವ ಮೊದಲು ಕುಷಾಯಿಗೂಡದ ನಮ್ಮ ಮನೆಗೆ ಬಂದಿದ್ದಳು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, "ಮಾಮಾ, ಇಷ್ಟು ವರ್ಷ ಇದನ್ನ ಮಾಡೀರಿ. ನಾ ಮೊದಲ ಏನ್ ಕಲೀಬೇಕು ಹೇಳ್ರಿ" ಎಂದಳು.

"ಮೊದಲ ಹೈದರಾಬಾದಿ ಹಿಂದಿ ಕಲಿ" ಎಂದೆ.

ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡಳು. "ಈಗ ಎಲ್ಲಾ ಇಂಗ್ಲಿಷ್‌ನ್ಯಾಗ ಇರತೈತ್ರಿ ಮಾಮಾ" ಎಂದು ನನಗೇ ಸಮಾಧಾನ ಹೇಳಿ, ಇನ್ನೊಂದು ಚಮಚ ಉಪ್ಪಿಟ್ಟು ಹಾಕಿಸಿಕೊಂಡು ಹೋದಳು. ಅವಳು ಹೋದ ಮೇಲೆ, ಹುಡುಗಿಗೆ ಸರಿಯಾದ ಉತ್ತರ ಕೊಡಬೇಕಿತ್ತು ಅನ್ನಿಸಿತು. ಬಡ್ತಿ, ಸಂಬಳ, ನಿವೃತ್ತಿಯ ದಿನ ಹೊದಿಸಿದ ಶಾಲು ಇವನ್ನೆಲ್ಲ ಬರೆದರೆ ಅವಳೂ ಓದುವುದಿಲ್ಲ, ಬರೆಯುವ ನನಗೂ ನಿದ್ದೆ ಬರುತ್ತದೆ. ಅದಕ್ಕೆ ಕೆಟ್ಟು ಕುಳಿತ ತಂತಿಗಳ ಕಥೆಯನ್ನೇ ಬರೆಯುತ್ತೇನೆ. ಹೈದರಾಬಾದಿ ಹಿಂದಿ ಏಕೆ ಎನ್ನುವುದು ಅದರಲ್ಲೇ ಬರುತ್ತದೆ.

ನಾನು ಗದಗಿನವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹೈದರಾಬಾದಿಗೆ ಬಂದದ್ದು ಕಾಕಾನ ಮನೆಗೆ. ಕಾಕಾ ಕುಷಾಯಿಗೂಡದ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಫೋರ್‌ಮನ್. ನನ್ನನ್ನೂ ಅಲ್ಲೇ ಸೇರಿಸಿ, ತಮ್ಮ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಬೇಕೆಂಬ ಆಸೆ ಅವರಿಗಿತ್ತು. ಆಗ ಅಲ್ಲಿ ನೇಮಕಾತಿ ಇರಲಿಲ್ಲ. ಕೆಲವು ವರ್ಷ ಟೀವಿ ರಿಪೇರಿ, ಟೆಲಿಫೋನ್ ಎಕ್ಸ್‌ಚೇಂಜ್ ರಿಪೇರಿ ಅಂತ ಅಲೆದೆ. ಅಷ್ಟರಲ್ಲಿ ಊರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಕೋಚಿಂಗ್ ಜಾಹೀರಾತು ಅಂಟಿಸಲು ಅಂಗೈಯಗಲ ಜಾಗ ಉಳಿದಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಾನೂ ಒಂದು ನೆಟ್‌ವರ್ಕಿಂಗ್ ಕೋರ್ಸು ಮುಗಿಸಿ, ಬೇಗಂಪೇಟೆಯ ಒಂದು ಕಂಪನಿಗೆ ಸೇರಿಕೊಂಡೆ.

ನಮ್ಮದು ಆಸ್ಪತ್ರೆಗಳ ಟೈಪಿಂಗ್ ಕೆಲಸ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದು ಇಲ್ಲಿಗೆ ಬರುತ್ತಿತ್ತು. ನಮ್ಮ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟೈಪ್ ಮಾಡಿ ವಾಪಸ್ಸು ಕಳಿಸುತ್ತಿದ್ದರು. ಆ ಕಂಪ್ಯೂಟರುಗಳಿಗೆಲ್ಲ ತಂತಿ ಎಳೆಯುವುದು, ಕೆಟ್ಟರೆ ಸರಿಮಾಡುವುದು ನನ್ನ ಪಾಲಿನ ಕೆಲಸ. ಆಗ ವಿಮಾನ ನಿಲ್ದಾಣ ಇನ್ನೂ ಬೇಗಂಪೇಟೆಯಲ್ಲೇ ಇತ್ತು. ತಲೆಯ ಮೇಲೆ ವಿಮಾನ ಹಾದುಹೋದಾಗಲೆಲ್ಲ ಇಡೀ ಹಾಲ್‌ನಲ್ಲಿ ಟೈಪಿಂಗ್ ನಿಲ್ಲುತ್ತಿತ್ತು. ಡಾಕ್ಟರು ಹೇಳಿದ್ದು ಲಿವರೋ ಫೀವರೋ ಯಾರಿಗೂ ಕೇಳುತ್ತಿರಲಿಲ್ಲ. ನಿಲ್ದಾಣ ಶಂಷಾಬಾದಿಗೆ ಹೋದ ಮೇಲೆ ಆ ಸದ್ದು ನಿಂತಿತು. ಈಗಲೂ ಎಲ್ಲಾದರೂ ವಿಮಾನ ಹಾದುಹೋದರೆ ನಾನು ಮಾತು ನಿಲ್ಲಿಸಿ ಕಾಯುತ್ತೇನೆ.

ನನ್ನ ಮೊದಲ ಮೇಲಧಿಕಾರಿ ಮೂರ್ತಿ ಗಾರು. ರಾಜಮಂಡ್ರಿ ಕಡೆಯವರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಆ ಅಂಗಿಯಲ್ಲೇ ಮೇಜಿನ ಕೆಳಗೆ ಅಂಗಾತ ಮಲಗುತ್ತಿದ್ದರು. ಅವರಿಗೆ ಗೊತ್ತಿದ್ದ ಮಂತ್ರ ಒಂದೇ: "ಮುಂದು ವೈರು ಚೂಡು." ಮೊದಲು ತಂತಿ ನೋಡು. ಯಾರು ಏನೇ ಹೇಳಲಿ, ಸರ್ವರ್ ಬಿದ್ದಿದೆ ಅನ್ನಲಿ, ವೈರಸ್ ಬಂದಿದೆ ಅನ್ನಲಿ, ಮೊದಲು ಬಗ್ಗಿ ತಂತಿ ನೋಡು. ತಂತಿಯ ತುದಿಯ ಪ್ಲಗ್ಗಿಗೆ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದು ಮುರಿದರೆ ಪ್ಲಗ್ಗು ಒಳಗೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ನಮ್ಮ ಹುಡುಗಿಯರು ಬಸ್ ಟಿಕೆಟ್ಟನ್ನು ಮಡಿಸಿ ಅದರ ಪಕ್ಕಕ್ಕೆ ತುರುಕಿ ಕೆಲಸ ಸಾಗಿಸುತ್ತಿದ್ದರು. ಫ್ಯಾನಿನ ಗಾಳಿಗೆ ಟಿಕೆಟ್ ಹಾರಿಹೋದರೆ "ನೆಟ್‌ವರ್ಕ್ ಪೋಯಿಂದಂಡಿ", ನೆಟ್‌ವರ್ಕ್ ಹೋಯಿತು, ಎಂದು ಫೋನು. ಹೋಗಿ ಹೊಸ ಪ್ಲಗ್ಗು ಒತ್ತಿ ಕೊಟ್ಟು ಬರುತ್ತಿದ್ದೆ. ಆ ಕಾಲದಲ್ಲಿ ನನ್ನ ಹೆಬ್ಬೆರಳಿನ ಉಗುರು ಎಂದೂ ಪೂರ್ತಿ ಇರಲಿಲ್ಲ.

ಒಂದು ಆಯುಧಪೂಜೆ ನೆನಪಿದೆ. ಹೊಸದಾಗಿ ಹತ್ತಾರು ಲ್ಯಾಪ್‌ಟಾಪ್ ಬಂದಿದ್ದವು. ಕರೆಂಟು ಹೋದರೂ ತಿದ್ದುಪಡಿ ನೋಡುವವರ ಕೆಲಸ ನಿಲ್ಲಬಾರದು, ಬ್ಯಾಟರಿಯ ಮೇಲೆ ನಡೆಯಲಿ ಎಂದು ಅವರಿಗೆ ಮಾತ್ರ ಕೊಟ್ಟಿದ್ದ ಲ್ಯಾಪ್‌ಟಾಪ್ ಅವು. ಹಬ್ಬದ ಮರುದಿನ ಬೆಳಿಗ್ಗೆ ಅರ್ಧಕ್ಕರ್ಧ ಲ್ಯಾಪ್‌ಟಾಪ್‌ಗಳಿಗೆ ತಂತಿಯ ಸಂಪರ್ಕ ಇಲ್ಲ. ನಾನು ಮಂತ್ರ ಪಠಿಸಿ ಬಗ್ಗಿ ನೋಡಿದೆ. ತಂತಿ ಚೆನ್ನಾಗಿತ್ತು. ಲ್ಯಾಪ್‌ಟಾಪಿನ ಪಕ್ಕದ ತೂತಿಗೆ ಟಾರ್ಚು ಬಿಟ್ಟರೆ ಒಳಗೆಲ್ಲ ಕೆಂಪು, ಹಳದಿ. ಕಸ ಗುಡಿಸುವ ಯಾದಮ್ಮ ಭಕ್ತಿಯಿಂದ ಪ್ರತಿ ಯಂತ್ರಕ್ಕೂ ಬೊಟ್ಟಿಟ್ಟಿದ್ದಳು. ದೊಡ್ಡ ಕಂಪ್ಯೂಟರುಗಳಿಗೆ ಹಣೆಯ ಹಾಗೆ ಅಗಲವಾದ ಮುಂಭಾಗವಿತ್ತು, ಅಲ್ಲಿಗೆ ಇಟ್ಟಳು. ಮಡಚಿದ ಲ್ಯಾಪ್‌ಟಾಪಿಗೆ ಹಣೆ ಯಾವುದು? ಒದ್ದೆ ಕುಂಕುಮದ ಬೆರಳನ್ನು ಸೀದಾ ಆ ತೂತಿನೊಳಗೇ ಒತ್ತಿದ್ದಳು.

"ಎಂತಾ ಕೆಲಸಾ ಮಾಡಿದಿ ಯಾದಮ್ಮಾ" ಅಂದರೆ, "ಮುಖಂ ಎಕ್ಕಡುಂದೋ ತೆಲೀಲೇದು ಸಾರು" ಎಂದಳು. ಮುಖ ಎಲ್ಲಿದೆ ಅಂತ ತಿಳಿಯಲಿಲ್ಲವಂತೆ. ನಾನೂ ಮೂರ್ತಿ ಗಾರೂ ಕೂತು ಸ್ಪಿರಿಟ್ಟು, ಹತ್ತಿ ಸುತ್ತಿದ ಕಡ್ಡಿ ಹಿಡಿದು ಮಧ್ಯಾಹ್ನದವರೆಗೆ ಕುಂಕುಮ ಕೆರೆದೆವು. ಮುಂದಿನ ವರ್ಷದಿಂದ ಆಯುಧಪೂಜೆಗೆ ಮುಂಚೆ ಪ್ರತಿ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಚಾಕ್‌ಪೀಸಿನಿಂದ ಒಂದು ಸೊನ್ನೆ ಬರೆದಿಡುತ್ತಿದ್ದೆ. ಮುಖ ಇಲ್ಲಿದೆ ಎಂಬ ಗುರುತು.

ಈಗ ಪರ್ಸೋಂ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಪರ್ಸೋಂ ಅಂದರೆ ಮೊನ್ನೆ, ಇಲ್ಲವೇ ನಾಡಿದ್ದು. ಗದಗಿನಲ್ಲಿ ನಾನು ಪರೀಕ್ಷೆಗೆ ಕಲಿತದ್ದು ಅಷ್ಟೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕೌಂಟ್ಸ್ ವಿಭಾಗದ ಗುಮಾಸ್ತರೊಬ್ಬರು, "ಪರ್ಸೋಂ ಸೇ ಬಂದ್ ಹೈ ಸಾಬ್" ಎಂದರು. ಸರಿ, ಮೊನ್ನೆ ಏನೇನಾಯಿತು ಎಂದು ವಿಚಾರಿಸಿದೆ. ಮೊನ್ನೆ ಆ ಮಹಡಿಗೆ ಬಣ್ಣ ಬಳಿದಿದ್ದರು. ಬಣ್ಣದವರ ಏಣಿ ತಂತಿಯನ್ನು ಎಲ್ಲೋ ಎಳೆದಿರಬೇಕೆಂದು ಛಾವಣಿಯ ಹಲಗೆಗಳನ್ನೆಲ್ಲ ತೆಗೆದೆ. ಧೂಳು ಕುಡಿದು, ಜೇಡರ ಬಲೆ ಹೊದ್ದು, ಒಂದು ಪಾರಿವಾಳದ ಗೂಡನ್ನೂ ಕಂಡೆ. ತಂತಿ ಮಾತ್ರ ಎಲ್ಲೂ ತುಂಡಾಗಿರಲಿಲ್ಲ.

ಸಂಜೆ ಮೂರ್ತಿ ಗಾರು ಬಂದು ನನ್ನ ಅವತಾರ ನೋಡಿದರು. ಗುಮಾಸ್ತರ ಕಡೆ ತಿರುಗಿ ಕೇಳಿದರು: "ಕೌನ್ಸಾ ಪರ್ಸೋಂ ಭಾಯಿ? ರಂಜಾನ್ ಕೇ ಪೈಲೇ ಕೀ ಬಾದ್?" ಯಾವ ಪರ್ಸೋಂ, ರಂಜಾನಿಗೆ ಮುಂಚೆಯೋ ಆಮೇಲೆಯೋ ಎಂದು.

"ಪೈಲೇ ಸಾಬ್."

ರಂಜಾನ್ ಮುಗಿದು ಎರಡು ತಿಂಗಳಾಗಿತ್ತು! ರಂಜಾನಿಗೆ ಮುಂಚೆ ಆ ಕೋಣೆಯ ಮೇಜು ಬೀರುಗಳನ್ನು ಆಚೀಚೆ ಸರಿಸಿದ್ದರು. ಬೀರುವಿನ ಕಾಲು ತಂತಿಯ ಮೇಲೆಯೇ ಕೂತಿತ್ತು. ಮೂರ್ತಿ ಗಾರು ನನ್ನ ತಲೆಯ ಮೇಲಿನ ಬಲೆ ತೆಗೆಯುತ್ತಾ ತೆಲುಗಿನಲ್ಲಿ ಹೇಳಿದ್ದು ಇದು: "ಬಸವರಾಜು ಗಾರೂ, ಈ ಊರಲ್ಲಿ ಕಲ್ ಅಂದರೆ ನಿನ್ನೆ. ಪರ್ಸೋಂ ಅಂದರೆ ನಿನ್ನೆಗಿಂತ ಹಿಂದೆ, ಹುಟ್ಟಿದ ದಿನದವರೆಗೆ ಯಾವತ್ತಾದರೂ ಆಗಬಹುದು."

ನಮ್ಮ ಕೆಲಸದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಯಾವಾಗಿನಿಂದ ನಿಂತಿದೆ ಎಂಬುದು. ಆ ದಿನ ಗೊತ್ತಾದರೆ ಅರ್ಧ ರೋಗ ಗೊತ್ತಾದಂತೆ. ಆಮೇಲೆ ನಾನು ತಾರೀಖು ಕೇಳುವುದನ್ನೇ ಬಿಟ್ಟೆ. ಬೋನಾಲು ಹಬ್ಬಕ್ಕೆ ಮುಂಚೆಯೋ ಆಮೇಲೆಯೋ, ಮಾವಿನಹಣ್ಣು ಇತ್ತೋ ಮುಗಿದಿತ್ತೋ, ಸಂಬಳ ಆಗಿತ್ತೋ ಇಲ್ಲವೋ ಎಂದು ಕೇಳುತ್ತಿದ್ದೆ. ಜನ ತಾರೀಖು ತಪ್ಪು ಹೇಳುತ್ತಾರೆ, ಸಂಬಳದ ದಿನ ತಪ್ಪು ಹೇಳುವುದಿಲ್ಲ.

ಮೂರ್ತಿ ಗಾರು ನಿವೃತ್ತರಾದರು. ಕಂಪನಿ ಬೆಳೆಯಿತು, ಹೊಸ ಹೊಸ ಮ್ಯಾನೇಜರುಗಳು ಬಂದರು. ಅವರಲ್ಲಿ ಒಬ್ಬರು ಶ್ರೀವತ್ಸ. ಮೈಸೂರಿನ ಹುಡುಗ, ಮೂವತ್ತು ಇರಬಹುದು. ಚುರುಕು, ಶಿಸ್ತು, ಕೆಲಸದಲ್ಲಿ ಒಂದು ಕೂದಲು ಹೆಚ್ಚುಕಮ್ಮಿ ಆಗುವಂತಿಲ್ಲ. ನನ್ನ ಕನ್ನಡ ಅವರಿಗೆ ನಗು, ಅವರ ಕನ್ನಡ ನನಗೆ ನಗು. ಆದರೂ ಹಾಲ್‌ನಲ್ಲಿ ಕನ್ನಡ ಆಡುವವರು ನಾವಿಬ್ಬರೇ ಆದ್ದರಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೆವು. ಇರಾನಿ ಹೋಟೆಲಿನ ಚಹಾ ಅವರಿಗೆ ಆಗುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು, ನನಗೂ ಅರ್ಧ ಲೋಟ ಇರುತ್ತಿತ್ತು.

ಅದೇ ಹೊತ್ತಿಗೆ ಹಬೀಬ್ ಸಾಹೇಬರು ತಿದ್ದುಪಡಿ ವಿಭಾಗಕ್ಕೆ ಸೇರಿದ್ದರು. ಐವತ್ತು ದಾಟಿದ ಮನುಷ್ಯ. ನಾಂಪಲ್ಲಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು, ಟೈಪ್‌ರೈಟರ್ ಕಾಲ ಮುಗಿದು ಬಾಗಿಲು ಹಾಕಿದ್ದರು. ನಮ್ಮ ಹಾಲ್‌ನಲ್ಲಿ ಟೈಪ್ ಮಾಡುತ್ತಿದ್ದ ಎಷ್ಟೋ ಹುಡುಗಿಯರು ಅವರ ಹತ್ತಿರವೇ ಕಲಿತವರು. ಅವರನ್ನು ಕಂಡರೆ ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಸಾಹೇಬರು ಮಾತ್ರ ಆರು ತಿಂಗಳ ಪ್ರೊಬೆಶನ್ ಮೇಲಿದ್ದರು. ಆ ವಯಸ್ಸಿನಲ್ಲಿ ಇದೊಂದು ಕೈಬಿಟ್ಟರೆ ಇನ್ನೊಂದು ಕಡೆ ಸಿಗುವ ಮಾತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಸಂಜೆ ಹೊರಡುವಾಗ ಲ್ಯಾಪ್‌ಟಾಪಿಗೆ ಬಟ್ಟೆಯ ಗವಸು ಹಾಕುತ್ತಿದ್ದರು, ಟೈಪ್‌ರೈಟರಿಗೆ ಹಾಕಿದ ಹಾಗೆ. ಆ ಗವಸನ್ನು ಅವರ ಹೆಂಡತಿ ಹೊಲಿದುಕೊಟ್ಟಿದ್ದರು, ಅಂಚಿಗೆ ಜರಿ ಬೇರೆ.

ಆಷಾಢದ ಒಂದು ಮಂಗಳವಾರ ಸಾಹೇಬರು ನನ್ನ ಮೇಜಿಗೆ ಫೋನ್ ಮಾಡಿದರು. ಲ್ಯಾಪ್‌ಟಾಪಿಗೆ ತಂತಿ ಹಾಕಿದರೂ ನೆಟ್‌ವರ್ಕ್ ಬರುತ್ತಿಲ್ಲ. ನಾನು ಬೇರೆ ಕಟ್ಟಡದಲ್ಲಿದ್ದೆ, ಕಂಪ್ಲೇಂಟನ್ನು ಶ್ರೀವತ್ಸರೇ ಬರೆದುಕೊಂಡರು. ಯಾವಾಗಿನಿಂದ ಎಂದು ಅವರು ಶುದ್ಧ ಹಿಂದಿಯಲ್ಲಿ ಕೇಳಿದರು. ಸಾಹೇಬರು "ಪರ್ಸೋಂ ಸೇ" ಎಂದರು. ಶ್ರೀವತ್ಸ ಲೆಕ್ಕ ಹಾಕಿದರು. ಭಾನುವಾರ ನಾವು ಆ ಮಹಡಿಯ ಹಳೆಯ ಸ್ವಿಚ್ ತೆಗೆದು ಹೊಸದು ಹಾಕಿದ್ದೆವು. ಎಲ್ಲ ತಂತಿಗಳೂ ಹೋಗಿ ಸೇರುವ ಡಬ್ಬಿ ಅದು. ತಪ್ಪು ಹೊಸ ಸ್ವಿಚ್ಚಿನದೇ ಎಂದು ಅದನ್ನು ಮಾರಿದವನನ್ನು ಕರೆಸಿ, ಒಂದೂವರೆ ದಿನ ಅವನ ಜೊತೆ ಕಾದಾಡಿದರು. ಅವನು ಬಿಡುತ್ತಾನೆಯೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಗುರುವಾರ ಬೆಳಿಗ್ಗೆ ನಾನು ಬಂದು ನೋಡಿದೆ. ತಂತಿ ಬದಲಿಸಿದೆ, ಬೇರೆ ಮೇಜಿನ ಸಾಕೆಟ್ಟಿಗೆ ಹಾಕಿದೆ, ಲ್ಯಾಪ್‌ಟಾಪ್ ಬಂದ್ ಮಾಡಿ ಮತ್ತೆ ಶುರುಮಾಡಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ತೂತಿನ ಪಕ್ಕದ ಹಸಿರು ದೀಪ ಹತ್ತಲೇ ಇಲ್ಲ. ಕಡೆಗೆ ತೆಗೆದಿಟ್ಟಿದ್ದ ಹಳೆಯ ಸ್ವಿಚ್ಚಿಗೆ ಜೀವ ಕೊಟ್ಟು ಅದರೊಳಗಿನ ದಾಖಲೆ ತೆಗೆದೆ. ಸಾಹೇಬರ ತಂತಿ ಮೂರು ವಾರದಿಂದಲೇ ಸತ್ತು ಬಿದ್ದಿತ್ತು. ಹೊಸ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಶ್ರೀವತ್ಸರಿಗೆ ತೋರಿಸಿದೆ. ಅವರ ಕಣ್ಣು ಮಾತ್ರ ಆ ಮೂರು ವಾರದ ಮೇಲೆ ಬಿತ್ತು.

"ಮೂರು ವಾರನಾ? ಮೊನ್ನೆಯಿಂದ ಅಂದ್ರಲ್ಲ ಈ ಮನುಷ್ಯ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಹಾಲಿಗೆ ಹೋಗಿದ್ದರು. ಆಸ್ಪತ್ರೆಯ ಗುಟ್ಟಿನ ಕೆಲಸ ನಮ್ಮದು. ಫೈಲುಗಳು ತಂತಿಯ ಮೇಲೆಯೇ ಹೋಗಬೇಕು, ಪೆನ್‌ಡ್ರೈವ್ ಮುಟ್ಟುವಂತಿಲ್ಲ. ತಂತಿ ಇಲ್ಲದೆ ಮೂರು ವಾರ ಈತ ಕೆಲಸ ಕಳಿಸಿದ್ದು ಹೇಗೆ ಎಂದು ಅವರಿಗೆ ದಿಗಿಲು. ಅದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಪಕ್ಕದ ಮೇಜಿನ ಸುನೀತಾ ಹೆರಿಗೆ ರಜೆಗೆ ಹೋಗಿದ್ದಳು. ಅವಳ ಕಂಪ್ಯೂಟರಿನಲ್ಲಿ ಕೂತು, ತಮ್ಮದೇ ಹೆಸರಿನಲ್ಲಿ ಲಾಗಿನ್ ಆಗಿ ಸಾಹೇಬರು ಕೆಲಸ ಮಾಡಿದ್ದರು. ಮಂಗಳವಾರ ಆ ಮೇಜಿಗೆ ಹೊಸಬರು ಬಂದರು, ಇವರು ತಮ್ಮ ಲ್ಯಾಪ್‌ಟಾಪಿಗೆ ವಾಪಸ್ಸಾದರು, ಆಗ ಫೋನು ಮಾಡಿದರು. ಅದರಲ್ಲಿ ಕಳ್ಳತನ ಏನೂ ಇರಲಿಲ್ಲ. ಆದರೆ ಶ್ರೀವತ್ಸರ ತಲೆಯಲ್ಲಿ ಮೊನ್ನೆ ಎಂಬ ಮಾತು ಮುಳ್ಳಿನ ಹಾಗೆ ಕೂತಿತ್ತು.

"ಆಪ್‌ನೇ ಝೂಟ್ ಕ್ಯೋಂ ಬೋಲಾ?" ಎಂದು ಕೇಳಿದರು. ಸುಳ್ಳು ಯಾಕೆ ಹೇಳಿದಿರಿ? ಹಾಲ್ ಪೂರ್ತಿ ಕೇಳಿಸಿತು. ತಮ್ಮ ಮೇಷ್ಟ್ರ ಎದುರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಹುಡುಗಿಯರೆಲ್ಲ ಹೆಡ್‌ಫೋನ್ ತೆಗೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಾಹೇಬರು ಎದ್ದು ನಿಂತು, ಲ್ಯಾಪ್‌ಟಾಪಿಗೆ ಗವಸು ಹಾಕಿ, ಅದರ ಅಂಚು ಸರಿಮಾಡಿ, ಹೊರಗೆ ನಡೆದರು. ಮಟಮಟ ಮಧ್ಯಾಹ್ನವೂ ಆಗಿರಲಿಲ್ಲ, ಗವಸು ಹಾಕಿಬಿಟ್ಟರು. ಹಳೆಯ ಸ್ವಿಚ್ಚಿನ ಹೊಟ್ಟೆಯಿಂದ ಆ ಮೂರು ವಾರವನ್ನು ಹೊರಗೆ ತೆಗೆದವನು ನಾನೇ ಅಲ್ಲವೇ.

ಶ್ರೀವತ್ಸ ಕೋಣೆಗೆ ಬಂದು ಹೇಳಿದರು: "ನೋಡಿ ಬಸವರಾಜ್ ಅವರೇ, ಕೆಲಸ ಬರದೇ ಇದ್ರೆ ಕಲಿಸಬಹುದು. ಇಂಥ ಸಣ್ಣ ವಿಷಯಕ್ಕೇ ಸುಳ್ಳು ಹೇಳೋರನ್ನ ರೋಗಿಗಳ ವಿಷಯದಲ್ಲಿ ಹೇಗೆ ನಂಬೋದು? ಪ್ರೊಬೆಶನ್ ಇಲ್ಲಿಗೇ ಮುಗಿಸೋಣ ಅಂತ ಎಚ್‌ಆರ್‌ಗೆ ಹೇಳ್ತೀನಿ. ಸಂಜೆ ಒಳಗೆ ಕಾಗದ ಆಗ್ಲಿ."

"ಒಂದ್ ತಾಸ್ ತಡೀರಿ ಸರ. ನಾ ಒಂದ್ ಮಾತ್ ಕೇಳಿ ಬರ್ತೀನಿ" ಎಂದೆ.

ಸಾಹೇಬರು ಚಹಾದ ಮೆಷಿನ್ ಇಡುವ ಪುಟ್ಟ ಕೋಣೆಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಬರುವುದು ಒಂದೇ ಪ್ರಶ್ನೆ.

"ಕೌನ್ಸಾ ಪರ್ಸೋಂ ಸಾಬ್?"

ಅವರು ನನ್ನನ್ನು ನೋಡಿದರು. ಇದೇನು ಹೀಗೆ ಕೇಳುತ್ತಾನೆ ಎಂಬಂತೆ, ತೀರ ಸಹಜವಾಗಿ ಹೇಳಿದರು: "ವೋ ಬಿಜಲೀ ಕಡಕೀ ಥೀ ನಾ ಮಿಯಾಂ? ಲೈಟ್ ಗಯೀ, ಜನರೇಟರ್ ಚಾಲೂ ಹುವಾ. ವೋಚ್ ಪರ್ಸೋಂ."

ಮಿಂಚು ಗುಡುಗು ಆಗಿ, ಕರೆಂಟು ಹೋಗಿ, ಜನರೇಟರ್ ಶುರುವಾದ ಆ ಪರ್ಸೋಂ. ಮಿರಗದ, ಅಂದರೆ ಮೃಗಶಿರಾ ಮಳೆಯ ದಿನ ಅದು. ರಸ್ತೆಯೆಲ್ಲ ಹೊಳೆಯಾಗಿ, ನಾವೆಲ್ಲ ಸಂಜೆ ಪ್ಯಾಂಟು ಮಡಚಿಕೊಂಡು ಮನೆಗೆ ಹೋಗಿದ್ದೆವು. ಲೆಕ್ಕ ಹಾಕಿದರೆ ಸರಿಯಾಗಿ ಮೂರು ವಾರ. ಸಾಹೇಬರು ದಿನವನ್ನು ಕರಾರುವಾಕ್ಕಾಗಿ ಹೇಳಿದ್ದರು, ನಮ್ಮ ಕಿವಿ ಸರಿ ಇರಲಿಲ್ಲ. ಅಷ್ಟೇ ಅಲ್ಲ, ಮಿಂಚು ಎಂದ ಕೂಡಲೇ ಆ ಲ್ಯಾಪ್‌ಟಾಪಿಗೆ ಏನಾಗಿದೆ ಎಂಬುದೂ ನನಗೆ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಮನುಷ್ಯನ ರಿಪೇರಿ ಆಗಬೇಕಿತ್ತು.

ಶ್ರೀವತ್ಸರ ಕೋಣೆಗೆ ಓಡಿದೆ. ಪರ್ಸೋಂ ಪುರಾಣವನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ.

"ಅದೆಲ್ಲ ನೆಪ. ಪರ್ಸೋಂ ಅಂದ್ರೆ ಪರ್ಸೋಂ. ನಾನು ಹಿಂದಿ ಪರೀಕ್ಷೆಗಳನ್ನೆಲ್ಲ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದೀನಿ."

"ಅದು ಪರೀಕ್ಷಾದ ಹಿಂದಿ ಸರ. ನಾನೂ ಅದನ್ನ ಓದಿದಾಂವನ. ಈ ಊರ ಮಾತು ನಿಮಗ ಇನ್ನೂ ರೂಢಿ ಆಗಿಲ್ಲ."

"ಹೇಗೆ ರೂಢಿ ಆಗುತ್ತೆ ಹೇಳಿ? ಮೊನ್ನೆ ಮೊನ್ನೆ ಬಂದವನು ನಾನು."

ನಾನು ಬಿಡಲಿಲ್ಲ. "ಮೊನ್ನೆ ಅಂದ್ರ ಯಾವತ್ರಿ ಸರ? ಇವತ್ತ ಗುರುವಾರ. ಮಂಗಳವಾರ ಬಂದ್ರೇನು?"

"ತಮಾಷೆ ಮಾಡ್ತೀರಾ? ಸಂಕ್ರಾಂತಿ ಮುಗಿಸ್ಕೊಂಡು ಬಂದೆ, ನಿಮಗೇ ಗೊತ್ತಲ್ಲ. ಎಳ್ಳು ಬೆಲ್ಲ ಕೊಟ್ಟಿರಲಿಲ್ವಾ ನಿಮಗೆ?"

"ಕೊಟ್ಟೀರಿ. ಭಾಳ ಚಲೋ ಇತ್ತು. ಈಗ ಆಷಾಢ ನಡದೈತ್ರಿ."

ಮೇಲೆ ಒಂದು ವಿಮಾನ ಹಾದುಹೋಯಿತು. ಅದು ಹೋಗುವವರೆಗೆ ಇಬ್ಬರೂ ಸುಮ್ಮನೆ ಇರಬೇಕಾಯಿತು, ಅದೇ ಒಳ್ಳೆಯದಾಯಿತು. ನಾನು ಮೆಲ್ಲಗೆ ಹೇಳಿದೆ: "ಸರ, ನೀವು ಸುಳ್ಳ ಹೇಳಿದ್ರಿ ಅಂತ ನಾ ಅನ್ನಾಕತ್ತಿಲ್ಲ. ಆರು ತಿಂಗಳಾದ್ರೂ ಮೊನ್ನೆ ಅಂತನ ಅನಸತೈತಿ. ಅವರಿಗೂ ಹಂಗ."

ಶ್ರೀವತ್ಸರ ಮುಖ ಕೆಂಪಾಯಿತು. ಸಿಟ್ಟಿಗೋ ನಾಚಿಕೆಗೋ ಹೇಳಲಾರೆ. ಫ್ಲಾಸ್ಕಿನ ಮುಚ್ಚಳ ತೆಗೆದರು, ಕಾಫಿ ಬಗ್ಗಿಸದೆ ಮತ್ತೆ ಹಾಕಿದರು. "ನಮ್ಮಮ್ಮ ಫೋನ್ ಮಾಡಿದಾಗಲೂ ಹೀಗೇ ಅಂತಾರೆ. ಮೊನ್ನೆ ತಾನೇ ನಿನ್ನ ಉಪನಯನ ಆಯ್ತಲ್ಲೋ ಅಂತ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಎದ್ದರು. "ಅವರನ್ನ ಇಲ್ಲಿಗೆ ಕರೀರಿ, ಕ್ಷಮೆ ಕೇಳ್ತೀನಿ."

"ಇಲ್ಲಿ ಬ್ಯಾಡ್ರಿ. ಅಂದದ್ದು ಹಾಲ್‌ನ್ಯಾಗ."

ಈಗಲೂ ಅವರ ಮೇಲೆ ನನಗೆ ಗೌರವವಿರುವುದು ಮುಂದಿನ ಐದು ನಿಮಿಷದ ಕಾರಣಕ್ಕೆ. ಮೂವತ್ತರ ಮ್ಯಾನೇಜರು, ಹುಡುಗಿಯರು, ಸೆಕ್ಯೂರಿಟಿಯವರು, ಯಾದಮ್ಮ ಎಲ್ಲರೂ ನೋಡುತ್ತಿರುವಾಗ ಹಾಲ್‌ನ ನಡುವೆ ನಿಂತರು. ನಾನು ಸಾಹೇಬರನ್ನು ಕರೆದುಕೊಂಡು ಬಂದಿದ್ದೆ. ಶ್ರೀವತ್ಸ ತಮ್ಮ ಫಸ್ಟ್ ಕ್ಲಾಸ್ ಹಿಂದಿಯಲ್ಲಿ ಕ್ಷಮೆ ಕೇಳಿದರು. ತಪ್ಪು ತಿಳಿದವನು ನಾನು, ನೀವು ನಿಜವನ್ನೇ ಹೇಳಿದ್ದಿರಿ, ಆ ಮಾತನ್ನು ಎಲ್ಲರೆದುರು ವಾಪಸ್ಸು ತೆಗೆದುಕೊಳ್ಳುತ್ತೇನೆ, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದರು.

ಹಬೀಬ್ ಸಾಹೇಬರು ಅವರ ಭುಜದ ಮೇಲೆ ಕೈಯಿಟ್ಟರು. "ಜಾನೇ ದೋ ಬೇಟಾ. ಪರ್ಸೋಂ ಕೀ ಬಾತ್ ಹೈ."

ಬಿಡು ಮಗು, ಅದು ಯಾವತ್ತಿನದೋ ಮಾತು. ಆ ಮಾತು ಆಡಿ ಎರಡು ತಾಸು ಕೂಡ ಆಗಿರಲಿಲ್ಲ! ಹುಡುಗಿಯರು ಗೊಳ್ಳೆಂದು ನಕ್ಕರು, ಶ್ರೀವತ್ಸರೂ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡಿಲ್ಲವೆಂಬಂತೆ ತಂತಿಯ ಕಡೆ ಬಗ್ಗಿದೆ.

ಇನ್ನು ಲ್ಯಾಪ್‌ಟಾಪಿನ ರಿಪೇರಿ. ಶ್ವೇತಾ, ಇದನ್ನು ಸರಿಯಾಗಿ ಓದಿಕೋ. ಬ್ಯಾಟರಿ ಕಳಚಲು ಬರುತ್ತಿದ್ದ ಆ ಕಾಲದ ಲ್ಯಾಪ್‌ಟಾಪ್ ಅದು. ಲ್ಯಾಪ್‌ಟಾಪನ್ನು ಬಂದ್ ಮಾಡಿದರೂ ಅದು ಪೂರ್ತಿ ಬಂದ್ ಆಗಿರುವುದಿಲ್ಲ. ಬ್ಯಾಟರಿಯಿಂದ ತಂತಿಯ ಭಾಗಕ್ಕೆ ಚೂರು ಕರೆಂಟು ಹರಿಯುತ್ತಲೇ ಇರುತ್ತದೆ. ಮಿಂಚಿನ ಹೊತ್ತಿಗೆ ಕರೆಂಟು ಜಗ್ಗಾಡಿ ಆ ಭಾಗಕ್ಕೆ ಮಂಕು ಹಿಡಿದಿತ್ತು. ನೂರು ಸಲ ರೀಸ್ಟಾರ್ಟ್ ಮಾಡಿದರೂ ಅದು ಎಚ್ಚರವಾಗುವುದಿಲ್ಲ, ಏಕೆಂದರೆ ಅದು ಮಲಗಿಯೇ ಇಲ್ಲ. ನಾನು ಗವಸು ತೆಗೆದೆ, ಚಾರ್ಜರ್ ಕಿತ್ತೆ, ಲ್ಯಾಪ್‌ಟಾಪನ್ನು ಬೋರಲು ಹಾಕಿ ಬ್ಯಾಟರಿಯನ್ನೇ ಕಳಚಿದೆ. ಆಮೇಲೆ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಒಳಗೆ ಉಳಿದಿದ್ದ ಕೊನೆಯ ಹನಿ ಕರೆಂಟೂ ಬಸಿದು ಹೋಗಲಿ ಎಂದು. ಮತ್ತೆ ಬ್ಯಾಟರಿ ಹಾಕಿ, ತಂತಿ ಸಿಕ್ಕಿಸಿ, ಶುರುಮಾಡಿದೆ.

ತೂತಿನ ಪಕ್ಕದ ಹಸಿರು ದೀಪ ಹತ್ತಿತು. ಎರಡು ಸಲ ಮಿಣುಕಿ, ನಿಂತು ಉರಿಯಿತು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಸಾಹೇಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಗ್ಗಿ ಆ ದೀಪವನ್ನೇ ನೋಡುತ್ತಿದ್ದರು. ನನ್ನ ಕಿವಿಯ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದರು:

"ತೋ... ಮೈ ನೈ ಬಿಗಾಡಾ?"

ಹಾಗಾದರೆ ನಾನು ಕೆಡಿಸಲಿಲ್ಲವೇ? ಆಗ ನನಗೆ ಎಲ್ಲ ಅರ್ಥವಾಯಿತು. ಮೂರು ವಾರ ಅವರು ಬಾಯಿ ಬಿಡದೆ ಸುನೀತಾಳ ಮೇಜಿನಲ್ಲಿ ಕೂತದ್ದು ಸೋಮಾರಿತನಕ್ಕಲ್ಲ. ಟೈಪ್‌ರೈಟರಿನ ಕೈ, ಲ್ಯಾಪ್‌ಟಾಪಿನ ಕೀಲಿಗಳನ್ನು ಜೋರಾಗಿ ಬಡಿಯುತ್ತಿದ್ದರು, ಹುಡುಗಿಯರು ನಗುತ್ತಿದ್ದರು. ತಾವೇ ಬಡಿದು ಬಡಿದು ಅದನ್ನು ಹಾಳುಮಾಡಿದೆವು ಎಂದೇ ಅವರು ನಂಬಿದ್ದರು. ಮುದುಕನಿಗೆ ಹೊಸ ಯಂತ್ರ ಕೊಟ್ಟದ್ದು ತಪ್ಪಾಯಿತು ಎಂದು ಕಳಿಸಿಬಿಡುತ್ತಾರೆ ಎಂಬ ಭಯ. ಸುಳ್ಳುಗಾರ ಅಂದಾಗಲೂ ಬಾಯಿ ತೆರೆಯದಿದ್ದುದು ಅದಕ್ಕೇ. ತೆರೆದರೆ ಇದೂ ಹೊರಗೆ ಬರುತ್ತಿತ್ತು.

ಯಂತ್ರ ಕೆಟ್ಟವರು ನಮಗೆ ಫೋನು ಮಾಡುವಾಗ ಅರ್ಧ ಜನರ ಗಂಟಲಲ್ಲಿ ಇದೇ ಪ್ರಶ್ನೆ ಸಿಕ್ಕಿಕೊಂಡಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಈಗಿನವರು ನೀವು ಕೂತಲ್ಲಿಂದಲೇ ಬೇರೆಯವರ ಪರದೆಯೊಳಗೆ ಹೊಕ್ಕು ಸರಿಮಾಡುತ್ತೀರಿ. ತಂತಿಯೂ ಬೇಕಿಲ್ಲ, ಬಗ್ಗುವುದೂ ಬೇಕಿಲ್ಲ. ಆ ಕಡೆ ಕೂತವರ ಮುಖ ಮಾತ್ರ ಕಾಣುವುದಿಲ್ಲ. ಅದಕ್ಕೇ ಇದನ್ನು ಬರೆದೆ.

"ನೈ ಸಾಬ್, ಆಪ್ ನೈ. ಬಿಜಲೀ ಬಿಗಾಡೀ" ಎಂದೆ. ನೀವಲ್ಲ, ಮಿಂಚು ಕೆಡಿಸಿದ್ದು.

ಅವರು ಶ್ರೀವತ್ಸರ ಕಡೆ ತಿರುಗಿ, ಮೇಜಿನ ಫೋನಿನಿಂದ ಮನೆಗೆ ಒಂದು ಫೋನು ಮಾಡಬಹುದೇ ಎಂದು ಕೇಳಿದರು. ಶ್ರೀವತ್ಸ ತಾವೇ ರಿಸೀವರ್ ಎತ್ತಿ ಕೈಗೆ ಕೊಟ್ಟರು. ಸಾಹೇಬರು ಗೋಡೆಯ ಕಡೆ ಮುಖ ಮಾಡಿಕೊಂಡು, ಆದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಸುನೋ ಜೀ, ಮೈ ನೈ ಬಿಗಾಡಾ. ಬಿಜಲೀ ಸೇ ಹುವಾ ಕತೇ." ಕೇಳು, ನಾನು ಕೆಡಿಸಿದ್ದಲ್ಲ, ಮಿಂಚಿನಿಂದ ಆದದ್ದಂತೆ.

ಆ ಕಡೆಯಿಂದ ಹೆಂಗಸಿನ ದನಿಯೊಂದು ರಿಸೀವರಿನಿಂದ ಹೊರಗೆ ನಮಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು: "ಮೈ ಪೈಲೇಚ್ ಬೋಲೀ ಥೀ ನಾ? ಅಬ್ ತೋ ಪೇಟ್ ಭರ್ ಕೇ ಖಾವ್!"

ನಾನು ಮೊದಲೇ ಹೇಳಿರಲಿಲ್ಲವೇ? ಇನ್ನಾದರೂ ಹೊಟ್ಟೆ ತುಂಬ ಉಣ್ಣಿ.